ಕೈ ಹಚ್ಚದವನು

ಅಂಕಲಗಿಯಲ್ಲಿ ಮುರಿಗೆಪ್ಪನ ಮನೆ ಎಲ್ಲಿ ಎಂದು ಯಾರನ್ನಾದರೂ ಕೇಳಿ, ಓಣಿಯ ಹೆಸರು ಹೇಳುವುದಿಲ್ಲ. "ಗುಂಡುಕಲ್ಲು ಐತಲ್ಲ, ಆ ಮನಿ" ಎನ್ನುತ್ತಾರೆ. ಬಾಗಿಲ ಬಾಜೂ, ಕಟ್ಟೆಗೆ ಆತುಕೊಂಡು, ಒಂದು ಕರಿಕಲ್ಲಿನ ಗುಂಡು ಬಿದ್ದಿದೆ. ತೂಕ ಒಂದು ಕ್ವಿಂಟಲ್ ಹತ್ತು ಕಿಲೋ. ಮುರಿಗೆಪ್ಪ ತನ್ನ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಅದನ್ನು ನೆಲದಿಂದ ತೊಡೆಗೆ, ತೊಡೆಯಿಂದ ಎದೆಗೆ, ಎದೆಯಿಂದ ಹೆಗಲಿಗೆ ತಂದು ಹಿಂದಕ್ಕೆ ಒಗೆಯುತ್ತಿದ್ದ. ಈಗ ಅವನಿಗೆ ಐವತ್ತೆರಡು, ಕಲ್ಲಿನ ಮೇಲೆ ಬೆಕ್ಕು ಮಲಗುತ್ತದೆ. ಆದರೂ ಎರಡು ವರ್ಷದ ಹಿಂದಿನವರೆಗೆ, ಮನೆಗೆ ಬಂದ ಬೀಗರು ಬಿಜ್ಜರು ಯಾರೇ ಆಗಲಿ "ಇದೇನ್ರಿ ಕಲ್ಲು?" ಎಂದರೆ ಸಾಕು, ಅವರ ಕೈಯಲ್ಲಿನ ಚಹಾ ಆರಿ ಕೆನೆಗಟ್ಟುವ ತನಕ ಮುರಿಗೆಪ್ಪನ ಬಾಯಿ ನಿಲ್ಲುತ್ತಿರಲಿಲ್ಲ. ಈಗ ಕೇಳಿದರೆ "ಕಲ್ಲು" ಎನ್ನುತ್ತಾನೆ, ಅಷ್ಟೇ.

ಕಲ್ಲೆತ್ತುವವರಲ್ಲಿ ಒಂದು ಕಟ್ಟಳೆ ಇದೆ. ಒಬ್ಬ ಕಲ್ಲಿಗೆ ಕೈ ಕೊಟ್ಟನೆಂದರೆ ಇನ್ನೊಬ್ಬನ ಬೆರಳ ತುದಿಯೂ ಅದಕ್ಕೆ ಸೋಕಬಾರದು. ಸೋಕಿದರೆ ಎತ್ತಿದ್ದು ಎತ್ತಿದಂತಲ್ಲ. ಭಾರವಾಯಿತೇ, ಒಗೆದುಬಿಡು, ಕಾಲು ತೆಗೆದು ಹಿಂದಕ್ಕೆ ಹಾರು. ಅದರಲ್ಲಿ ಅವಮಾನವಿಲ್ಲ, ಮುಂದಿನ ವರ್ಷ ಮತ್ತೆ ಬರಬಹುದು. ಆದರೆ ಇನ್ನೊಬ್ಬ ಬಂದು ಹಿಡಿದನೋ, ಮುಗಿಯಿತು. "ಮಂದಿ ಕೈಲೆ ಎತ್ತಿದವ" ಎಂಬ ಹೆಸರು ಬೀಳುತ್ತದೆ, ಸತ್ತರೂ ಬಿಡುವುದಿಲ್ಲ.

ಮುರಿಗೆಪ್ಪನಿಗೆ ಆ ಹೆಸರು ಇಪ್ಪತ್ತೆಂಟು ವರ್ಷದ ಹಿಂದೆ ಮೂಡಲಗಿಯಲ್ಲಿ ಬಿದ್ದಿತ್ತು. ಕಾರಹುಣ್ಣಿಮೆಯ ಮರುದಿನ ಅಲ್ಲಿ ಪಂದ್ಯ ಇಟ್ಟಿದ್ದರು, ಗೆದ್ದವನಿಗೆ ಬೆಳ್ಳಿಯ ಕಡಗ. ಕಲ್ಲು ಎದೆಯ ತನಕ ಬಂದಿತ್ತು, ಇನ್ನೊಂದು ಗೇಣು ಏರಿದರೆ ಹೆಗಲು. ಅಷ್ಟರಲ್ಲಿ ಅವನ ಬಲ ಮೊಣಕಾಲು ಒಳಕ್ಕೆ ಸೋತು ವಾಲಿತು. ಅದು ಅವನಿಗೆ ಗೊತ್ತಾಗಲಿಲ್ಲ, ಮಂದಿಗೂ ಗೊತ್ತಾಗಲಿಲ್ಲ. ಗೊತ್ತಾದದ್ದು ಒಬ್ಬನಿಗೇ, ಅವನ ಕಾಕಾ ಅಡಿವೆಪ್ಪನಿಗೆ. ಮುರಿಗೆಪ್ಪನಿಗೆ ಕಲ್ಲು ಹಿಡಿಯಲು ಕಲಿಸಿದವನೇ ಅವನು. ಒಂದೇ ಜಿಗಿತಕ್ಕೆ ಬಂದು ಎರಡೂ ಕೈಲೆ ಕಲ್ಲನ್ನು ಆಚೆ ದಬ್ಬಿದ.

ಕಡಗ ಬೇರೆಯವನ ಪಾಲಾಯಿತು. ಮುರಿಗೆಪ್ಪ ಅಷ್ಟು ಮಂದಿಯ ಎದುರಿಗೆ ಕಾಕಾನ ಅಂಗಿ ಹಿಡಿದು "ಯಾಕ ಕೈ ಹಚ್ಚಿದಿ?" ಎಂದು ಕೇಳಿದ.

"ನಿನ್ನ ಮೊಣಕಾಲು ಹೊಂಟಿತ್ತಪಾ" ಎಂದ ಅಡಿವೆಪ್ಪ.

"ಹೋದ್ರ ಹೋಗ್ತಿತ್ತು. ನಂದು ಹೋಗ್ತಿತ್ತು."

ಆವತ್ತು ಬಿಟ್ಟ ಮಾತು ಹತ್ತೊಂಬತ್ತು ವರ್ಷ ಬಿಟ್ಟೇ ಇತ್ತು. ಎರಡೂ ಮನೆಗೆ ನಡುವೆ ಒಂದೇ ಗೋಡೆ. ಕಾಕಾ ಕೆಮ್ಮಿದರೆ ಇವನಿಗೆ ಕೇಳುತ್ತಿತ್ತು, ಇವನು ಸೀನಿದರೆ ಅವನಿಗೆ ಕೇಳುತ್ತಿತ್ತು. ಕಡೆಗೆ ಅಡಿವೆಪ್ಪ ಸತ್ತ. ಮುರಿಗೆಪ್ಪ ಮಣ್ಣಿಗೂ ಹೋಗಲಿಲ್ಲ. ಕಾಕಾನ ಹೆಣ ಕೂರಿಸಿದ ವಿಮಾನ ಬಾಗಿಲ ಮುಂದೆ ಹಾದು ಹೋಗುವಾಗ ಒಳಗೆ ಕೂತು ಹಗ್ಗ ಹೊಸೆಯುತ್ತಿದ್ದ. "ಮುರಿಗೆಪ್ಪಂದು ಛಲ ಅಂದ್ರ ಛಲ" ಎಂದು ಊರು ಹೊಗಳಿತು. ಊರಿಗೇನು ಕಷ್ಟ? ಇನ್ನೊಬ್ಬರ ಮನೆಯ ಛಲ ನೋಡಲು ಚೆಂದವೇ. ಸೊಕ್ಕಿಗೆ ಒಳ್ಳೆಯ ಅಂಗಿ ತೊಡಿಸಿದರೆ ಅದಕ್ಕೆ ಛಲ ಎನ್ನುತ್ತಾರೆ.

ಮುರಿಗೆಪ್ಪ ಮತ್ತು ಅಲ್ಲವ್ವನಿಗೆ ಒಬ್ಬಳೇ ಮಗಳು, ದಾನೇಶ್ವರಿ. ಬಲವೆಲ್ಲ ಅಪ್ಪನದು, ಬುದ್ಧಿ ಮಾತ್ರ ಪುಣ್ಯಕ್ಕೆ ತಾಯಿಯದು. ಗೋಕಾಕಕ್ಕೆ ಕಾಲೇಜಿಗೆಂದು ದಿನಾ ಬಸ್ಸಿನಲ್ಲಿ ಹೋಗುತ್ತಿದ್ದವಳು ಬಸ್‌ಸ್ಟ್ಯಾಂಡಿನ ಹಿಂದಿನ ಒಂದು ಜಿಮ್ ಸೇರಿದಳು. ವರ್ಷದೊಳಗೆ ಬೆಂಚ್ ಪ್ರೆಸ್‌ನಲ್ಲಿ ಅವಳ ಸಮಕ್ಕೆ ಬರುವ ಹುಡುಗಿ ಆ ಸೀಮೆಯಲ್ಲಿ ಇರಲಿಲ್ಲ. ಮನೆಗೆ ಬಂದು ಅಪ್ಪನಿಗೆ ಹೇಳಿದಾಗ ಮುರಿಗೆಪ್ಪ ಬಿದ್ದು ಬಿದ್ದು ನಕ್ಕ.

"ಮಲಗಿ ಎತ್ತೂದು? ಇದೊಳ್ಳೆ ಛಲೋ ಆತು. ನಿಮ್ಮವ್ವ ಮಧ್ಯಾಹ್ನ ಮಲಗಿ ಕೌದಿ ಎಳಕೊಂತಾಳಲ್ಲ, ಅಕಿಗೂ ಒಂದು ಕಪ್ಪು ಕೊಡ್ರಿ."

"ಒಮ್ಮಿ ಬಂದು ಎತ್ತು ನೋಡೂಣು" ಎಂದಳು ಮಗಳು.

ಅವನು ಹೋದ. ಗೋಕಾಕದ ದಲಾಲಿ ಅಂಗಡಿಗಳಲ್ಲಿ ಗೋವಿನಜೋಳದ ಚೀಲ ಲಾರಿಗೆ ಏರಿಸುವುದೇ ಅವನ ನಿತ್ಯದ ಕೆಲಸ. ಅದನ್ನು ಮುಗಿಸಿ, ಮೈಮೇಲಿನ ಹೊಟ್ಟು ಜಾಡಿಸಿ, ಚಪ್ಪಲಿ ಹೊರಗೆ ಬಿಟ್ಟು, ಗರಡಿಮನೆಗೆ ಬಂದವನಂತೆ ನೆಲ ಮುಟ್ಟಿ ಹಣೆಗೆ ಒತ್ತಿಕೊಂಡು ಒಳಗೆ ಬಂದ. ಬೆಂಚಿನ ಮೇಲೆ ಅಂಗಾತ ಮಲಗಿ, ಕಾಲೆರಡೂ ಮೇಲೆತ್ತಿಕೊಂಡು, ಕಲ್ಲು ಹಿಡಿಯುವಂತೆ ಹೆಬ್ಬೆರಳು ಹೊರಗಿಟ್ಟು ಅರವತ್ತು ಕಿಲೋದ ರಾಡನ್ನು ಕಿತ್ತ. ಎತ್ತಿದ್ದೇನೋ ಖರೆ. ಕೆಳಗೆ ತರುವಾಗ ಮಣಿಕಟ್ಟು ಹಿಂದಕ್ಕೆ ಮಡಚಿತು, ರಾಡು ಅಂಗೈಯಿಂದ ಬೆರಳಿಗೆ ಉರುಳಿತು, ಮೊಣಕೈ ಎರಡೂ ಕೋಳಿಯ ರೆಕ್ಕೆಯಂತೆ ಅಗಲವಾದವು, ಕಾಲಿಗೆ ಆಸರೆಯಿಲ್ಲದೆ ಮೈ ಎಡಕ್ಕೆ ಹೊರಳಿತು. ತಲೆಯ ಹಿಂದೆ ನಿಂತಿದ್ದ ದಾನೇಶ್ವರಿ ರಾಡನ್ನು ಹಿಡಿದು ಬೆಂಚಿನ ಗೂಟದ ಮೇಲೆ ಇಟ್ಟಳು.

ಮುರಿಗೆಪ್ಪ ಎದ್ದು ಕೂತ. ಮುಖ ಕೆಂಪಗಾಗಿತ್ತು. "ಯಾಕ ಕೈ ಹಚ್ಚಿದಿ?"

"ಕಲ್ಲಾದ್ರ ಒಗೀಬಹುದು ಅಪ್ಪಾ" ಎಂದಳು ದಾನೇಶ್ವರಿ. "ಇದನ್ನ ಎಲ್ಲಿ ಒಗೀತಿ? ಕೆಳಗ ನಿನ್ನ ಎದಿನ ಐತಿ."

ಇಂಥ ಮಾತಿಗೆ ಮುರಿಗೆಪ್ಪ ಸಾಮಾನ್ಯವಾಗಿ ಜಗಳ ತೆಗೆಯುತ್ತಿದ್ದ, ಆವತ್ತು ತೆಗೆಯಲಿಲ್ಲ. ಮಗಳು ಹೇಳಿಕೊಟ್ಟಂತೆ ಮತ್ತೆ ಮಲಗಿದ. ಅವಳು ಪ್ರತಿಯೊಂದನ್ನೂ ಮುಟ್ಟಿ ತೋರಿಸಿದಳು.

"ಮೊದಲ ಕಣ್ಣು. ರಾಡು ನಿನ್ನ ಕಣ್ಣಿನ ಮ್ಯಾಲ ಸರಿಯಾಗಿ ಬರಬೇಕು, ಹಂಗ ಸರಕೋ. ಹಿಂದ ಸರದ್ರ ಎತ್ತುಮುಂದ ಗೂಟಕ್ಕ ಬಡೀತೈತಿ. ಕಾಲು ಕೆಳಗ ಊರು, ಹಿಮ್ಮಡಿ ನೆಲಕ್ಕ ಒತ್ತು. ಬಲ ಕಾಲಿನಿಂದ ಬರ್ತೈತಿ, ನೀ ಚೀಲ ಹೊರುಮುಂದ ಬರಂಗಿಲ್ಲೇನು? ಬೆನ್ನಿನ ರೆಕ್ಕಿ ಎಲುಬು ಎರಡೂ ಒಂದಕ್ಕೊಂದು ಕೂಡಸು, ಕೆಳಗ ಜಗ್ಗು. ಹಾಂ. ನಡ ಚೂರು ಎದ್ದಿರ್ಲಿ, ಕುಂಡಿ ಮಾತ್ರ ಬೆಂಚ್ ಬಿಡಬಾರದು. ಹೆಬ್ಬೆರಳು ಸುತ್ತಿ ಹಿಡಿ. ಹೆಬ್ಬೆರಳು ಹೊರಗಿಟ್ಟು ಹಿಡದವ್ರು ಎಷ್ಟೋ ಮಂದಿ ಎದಿ ಮುರಕೊಂಡಾರ. ಉಸುರು ತೊಗೊಂಡು ಸಾವಕಾಶ ಇಳಸು, ಎದಿಯ ಕೆಳಭಾಗಕ್ಕ ಮುಟ್ಟಸು, ಪುಟಿಸಬ್ಯಾಡ."

"ಇಷ್ಟೆಲ್ಲಾ ನೆಪ್ಪಿಡೂದ್ರಾಗ ಎತ್ತೂದು ಮರತ ಹೋಗ್ತೈತಿ" ಎಂದ ಮುರಿಗೆಪ್ಪ. ಆದರೆ ಎತ್ತಿದ, ಮೈ ಅಲುಗಲಿಲ್ಲ. ಎದ್ದು ಕೂತು ತನ್ನ ಅಂಗೈ ನೋಡಿಕೊಂಡ.

"ಕಡೀಕಿಂದು ಇದು, ಹಿಂದ ನಿಂದ್ರಾಂವ" ಎಂದು ಮಗಳು ತಾನು ನಿಂತಿದ್ದ ಜಾಗ ತೋರಿಸಿದಳು. "ಭಾರ ಇದ್ದಾಗ ಹಿಂದ ಒಬ್ಬರು ಇರಬೇಕು. ಕೈ ರಾಡಿನ ಕೆಳಗ ಇರಬೇಕು, ಮುಟ್ಟಬಾರದು. 'ತೊಗೋ' ಅಂದ್ರ ತೊಗೋಬೇಕು. ಅನ್ನಲಿಲ್ಲ ಅಂದ್ರೂ ರಾಡು ನಡುವ ನಿಂತು ಕೆಳಗ ಬರಾಕತ್ತಿದ್ರ ತೊಗೋಬೇಕು. ಎತ್ತಾಂವ ಬೇಕಾದ್ದು ತಪ್ಪು ಮಾಡ್ಲಿ, ಹಿಂದ ನಿಂತಾಂವ ತಪ್ಪು ಮಾಡಬಾರದು."

ಆಮೇಲೆ ಮುರಿಗೆಪ್ಪ ಭಾನುವಾರಕ್ಕೊಮ್ಮೆ ಜಿಮ್ಮಿಗೆ ಬರತೊಡಗಿದ. ಬರುವಾಗ ಮಗಳಿಗೆಂದು ಕರದಂಟಿನ ಪೊಟ್ಟಣ ತರುತ್ತಿದ್ದ. ಅವಳ ಹಿಂದೆ ನಿಲ್ಲುತ್ತಿದ್ದದ್ದು ಹೆಚ್ಚಾಗಿ ಶುಭಮ್, ಅಲ್ಲೇ ಕಲಿಸುತ್ತಿದ್ದ ಹುಕ್ಕೇರಿ ಕಡೆಯ ಹುಡುಗ, ಮಾತು ಕಡಿಮೆ. ಭಾನುವಾರ ಮಾತ್ರ ಅಪ್ಪನ ಪಾಳಿ. ಮೊಣಕಾಲು ಚೂರು ಬಾಗಿಸಿ, ಎರಡೂ ಕೈ ರಾಡಿನ ಕೆಳಗೆ ಒಡ್ಡಿ, ಉಸಿರು ಬಿಗಿ ಹಿಡಿದು ನಿಲ್ಲುತ್ತಿದ್ದ. ಎರಡು ಮೂರು ಸಲ ಮಗಳು "ತೊಗೋ" ಎಂದಾಗ ತೊಗೊಂಡ ಕೂಡ. ಅಲ್ಲಿ ನೋಡುವವರು ಯಾರೂ ಇರಲಿಲ್ಲವಲ್ಲ, ಸುಲಭವಿತ್ತು.

ಎರಡು ವರ್ಷದ ಹಿಂದೆ, ಜನವರಿಯಲ್ಲಿ, ಹುಕ್ಕೇರಿಯಲ್ಲಿ ಪಂದ್ಯ ಆಯಿತು. ಗೆದ್ದ ಹುಡುಗಿಗೆ ರಾಜ್ಯದ ತಂಡದಲ್ಲಿ ಜಾಗ. ದಾನೇಶ್ವರಿ ಮೂರು ವರ್ಷ ನಸುಕಿನ ಬಸ್ಸು ಹಿಡಿದದ್ದು ಅದಕ್ಕಾಗಿಯೇ. ಅಂಕಲಗಿಯಿಂದ ಒಂದು ಟೆಂಪೋ ತುಂಬ ಮಂದಿ ಬಂದರು, ಹೆಚ್ಚಿನವರು ಹಳೆಯ ಕಲ್ಲೆತ್ತುವವರು. ಅವರಿಗೆಲ್ಲ ಹಿರಿಯ ಬೀರಸಿದ್ದಪ್ಪ, ಎಪ್ಪತ್ತರ ಮುದುಕ, ಮುಂದಿನ ಸಾಲಿನಲ್ಲಿ ತಲೆಗೆ ಪಟಗ ಸುತ್ತಿಕೊಂಡು ಕೂತಿದ್ದ. ಮೂಡಲಗಿಯ ಪಂದ್ಯದಲ್ಲಿ ಮುರಿಗೆಪ್ಪನ ಕಲ್ಲು ಎಣಿಕೆಗೆ ಇಲ್ಲ ಎಂದು ಕೂಗಿ ಹೇಳಿದವನು ಇವನೇ.

ಹುಡುಗರ ಪಂದ್ಯ ನಡೆಯುವಾಗ ಹಿಂದೆ ನಿಲ್ಲಲು ಪಂದ್ಯ ಇಟ್ಟವರದೇ ಮಂದಿ ಇದ್ದರು. ಹುಡುಗಿಯರ ಪಾಳಿ ಬಂದಾಗ ವೇದಿಕೆಯ ಮೇಲೆ ಗುಸುಗುಸು ಶುರುವಾಯಿತು. ನಾಲ್ಕು ಮಂದಿಯ ಎದುರಿಗೆ ಹೆಣ್ಣುಮಗಳು ಅಂಗಾತ ಮಲಗಿರುವಾಗ ಗೊತ್ತುಗುರಿ ಇಲ್ಲದ ಗಂಡಸು ತಲೆಯ ಮೇಲೆ ಬಾಗಿ ನಿಲ್ಲುವುದೆಂದರೆ? ಕಡೆಗೆ ಮೈಕಿನಲ್ಲಿ ಕೂಗಿದರು: ಹೆಣ್ಣುಮಕ್ಕಳ ಹಿಂದೆ ಅವರವರ ಕಡೆಯವರೇ ನಿಲ್ಲಲಿ, ಅಪ್ಪನೋ ಅಣ್ಣನೋ ಬರಲಿ. ಮಂದಿ ಚಪ್ಪಾಳೆ ಹೊಡೆದರು. ಮರ್ಯಾದೆ ಉಳಿಯಿತಲ್ಲ.

ಶುಭಮ್ ಆಗಲೇ ಕೈಗೆ ಸೀಮೆಸುಣ್ಣದ ಪುಡಿ ಹಚ್ಚಿಕೊಂಡು ನಿಂತಿದ್ದ. ಮುರಿಗೆಪ್ಪ ಅವನ ಹೆಗಲ ಮೇಲೆ ಕೈಯಿಟ್ಟು, "ನೀ ಆಕಡೆ ನಿಂದ್ರು ತಮ್ಮಾ" ಎಂದ.

"ಅಪ್ಪಾ, ಶುಭಮ್‌ನs ನಿಂದರ್ಲಿ. ನನ್ನ ಕಡೆಯವರ ಅಂತ ಬರಸೂಣು" ಎಂದಳು ದಾನೇಶ್ವರಿ. "ನಾ ಎಲ್ಲಿ ಸೋಲ್ತೇನಿ ಅನ್ನೂದು ಅಂವಗ ಗೊತ್ತೈತಿ."

ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮುರಿಗೆಪ್ಪನ ಕಿವಿ ಬಿಸಿಯಾಯಿತು. "ಅಪ್ಪ ಇರಾಗ ಮಂದಿ ಹುಡುಗ ಯಾಕ?" ಎಂದ, ಮಗಳಿಗಿಂತ ಆ ಸಾಲಿಗೆ ಕೇಳುವಂತೆ.

ಅವಳು ಅವನ ಎದುರಿಗೆ ಬಂದು ನಿಂತಳು. "ಆತು. ಆದ್ರ ಮಾತು ಕೊಡು. ತೊಗೋ ಅಂದ್ರ ತೊಗೋಬೇಕು. ನೀ ಮುಟ್ಟಿದ್ರ ಅದು ಎಣಿಕಿಗೆ ಇಲ್ಲ, ನನಗ ಗೊತ್ತೈತಿ. ಸೋತ್ರ ಮುಂದಿನ ವರ್ಷ ಬರ್ತೇನಿ."

ಮುರಿಗೆಪ್ಪ ಅಂಗಿಯೊಳಗಿನ ಲಿಂಗ ಮುಟ್ಟಿ, "ಆತವ್ವ" ಎಂದ. ಸುಳ್ಳು ಹೇಳಬೇಕೆಂದು ಹೇಳಿದವನಲ್ಲ ಅವನು. ಆ ಗಳಿಗೆಯಲ್ಲಿ ಅದು ಖರೆಯೇ ಆಗಿತ್ತು.

ಮೊದಲ ಸಲ ಅರವತ್ತೈದು, ಹೂವಿನಂತೆ ಎತ್ತಿದಳು. ಎರಡನೆಯ ಸಲ ಎಪ್ಪತ್ತು. ಇನ್ನೊಬ್ಬ ಹುಡುಗಿ ಎಪ್ಪತ್ತೆರಡೂವರೆ ಎತ್ತಿ ಕೂತಿದ್ದಳು. ಉಳಿದದ್ದು ಒಂದೇ ಸಲ, ಎಪ್ಪತ್ತೈದು. ಜಿಮ್ಮಿನಲ್ಲಿ ಅವಳು ಅದನ್ನು ಒಮ್ಮೆ ಮಾತ್ರ ಎತ್ತಿದ್ದಳು, ಅದಕ್ಕೂ ಶುಭಮ್‌ನ ಎರಡು ಬೆರಳು ತಾಗಿದ್ದವು.

ಅವಳು ಮಲಗಿದಳು. ಕಣ್ಣು ರಾಡಿನ ನೇರಕ್ಕೆ, ಹಿಮ್ಮಡಿ ನೆಲಕ್ಕೆ, ಬೆನ್ನು ಬಿಗಿ. ಎಲ್ಲ ಸರಿಯಿತ್ತು, ಹುಡುಕಿದರೂ ತಪ್ಪು ಸಿಗುತ್ತಿರಲಿಲ್ಲ. ರಾಡು ಸಾವಕಾಶ ಇಳಿದು ಎದೆ ಮುಟ್ಟಿ ನಿಂತು, ಹೊರಟಿತು. ಅರ್ಧ ಏರಿತು. ಅಲ್ಲಿ ನಿಂತಿತು. ಮುರಿಗೆಪ್ಪ ಕೆಳಗೆ ನೋಡುತ್ತಿದ್ದ: ಮಗಳ ಬಲ ಮೊಣಕೈ ನಿಧಾನಕ್ಕೆ ಹೊರಗೆ ತೆರೆಯತೊಡಗಿತು, ರಾಡು ಆ ಕಡೆಗೆ ಒಂದು ಬೆರಳಿನಷ್ಟು ವಾಲಿತು.

"ತೊಗೋ" ಎಂದಳು ದಾನೇಶ್ವರಿ.

ಕೂಗಲಿಲ್ಲ. ಎದೆಯ ಮೇಲೆ ಎಪ್ಪತ್ತೈದು ಕಿಲೋ ಹೊತ್ತವರು ಕೂಗುವುದಿಲ್ಲ. ಒಂದು ಮೊಳ ದೂರ ನಿಂತವನಿಗೆ ಕೇಳುವಷ್ಟು ಅಂದಳು. ಮುರಿಗೆಪ್ಪನ ಬೆರಳು ರಾಡಿನ ಕೆಳಗೆ ಬಾಗಿದವು, ಕಬ್ಬಿಣದ ತಂಪು ಚರ್ಮಕ್ಕೆ ಹತ್ತುವಷ್ಟು ಹತ್ತಿರ ಹೋದವು. ಅಷ್ಟರಲ್ಲಿ ಮುಂದಿನ ಸಾಲಿನಿಂದ ಬೀರಸಿದ್ದಪ್ಪನ ದನಿ ಬಂತು.

"ಕೈ ಹಚ್ಚಬ್ಯಾಡೋ ಮುರಿಗೆಪ್ಪಾ! ಮ್ಯಾಲ ಹೊಂಟೈತಿ, ಹೊಂಟೈತಿ!"

ಬೆರಳು ಹಿಂದಕ್ಕೆ ಬಂದವು. ಮೂಡಲಗಿಯ ಬಯಲು ಅವನ ಕಣ್ಣಿಗೆ ಕಟ್ಟಿತು, ಆ ಕಡಗ ಇನ್ನೊಬ್ಬನ ಕೈಗೆ ಏರಿದ್ದು, ಮಂದಿ ನಕ್ಕದ್ದು. ನನ್ನ ಮಗಳಿಗೆ ಆ ಹೆಸರು ಬೀಳಬಾರದು ಎಂದುಕೊಂಡ. ಇನ್ನೊಂದು ಉಸಿರು, ಅವಳು ಎತ್ತುತ್ತಾಳೆ ಎಂದುಕೊಂಡ. ಎರಡು ಉಸಿರಿನಷ್ಟು ಹೊತ್ತು ಏನೇನೋ ಅಂದುಕೊಂಡ.

"ಅಪ್ಪಾ" ಎಂದಳು ಕೆಳಗಿನಿಂದ.

ಹಸಿ ಅರಿವೆ ಹರಿದ ಹಾಗೆ ಸದ್ದಾಯಿತು. ರಾಡು ಬಲಕ್ಕೆ ವಾಲಿ ಅವಳ ಎದೆಯ ಮೇಲೆ ಬಿತ್ತು. ಆಮೇಲೆ ಹಾರಿ ಬಂದು ಅದನ್ನು ಎತ್ತಿದವನು ಶುಭಮ್. ಮುರಿಗೆಪ್ಪನ ಕೈ ಆಗಲೂ ಗಾಳಿಯಲ್ಲೇ ಇದ್ದವು.

ಘಟಪ್ರಭೆಯ ಆಸ್ಪತ್ರೆಯಲ್ಲಿ ಚಿತ್ರ ತೆಗೆದು ನೋಡಿದರು. ಎರಡು ಪಕ್ಕೆಲುಬು ಬಿರಿದಿದ್ದವು, ಅವು ಕೂಡುತ್ತವೆ. ಬಲ ಎದೆಯ ಸ್ನಾಯು ತೋಳಿನ ಎಲುಬಿನಿಂದ ಕಿತ್ತು ಬಂದಿತ್ತು. ಹೊಲಿಯುತ್ತೇವೆ, ಉಣ್ಣಲು ಬರೆಯಲು ಅಡ್ಡಿಯಿಲ್ಲ, ಆದರೆ ಭಾರ ಎತ್ತುವ ಮಾತು ಬಿಡಿ ಎಂದರು. ಕೈ ಹೆಗಲಿನ ಮೇಲಕ್ಕೆ ಏರುವುದೂ ಅನುಮಾನವೇ ಎಂದರು. ಅಲ್ಲವ್ವ ಮಗಳ ತಲೆಯ ಹತ್ತಿರ ಕೂತು ಜಡೆ ಬಿಚ್ಚಿ ಮತ್ತೆ ಹೆಣೆದಳು. ಇವತ್ತಿಗೂ ದಿನಾ ಬೆಳಿಗ್ಗೆ ಅವಳೇ ಹೆಣೆಯುತ್ತಾಳೆ.

ನೋಡಲು ಬಂದವರಿಗೆಲ್ಲ ಮುರಿಗೆಪ್ಪ ಒಂದೇ ಮಾತು ಹೇಳಿದ. "ಅಕಿ ಅಂದದ್ದು ನನಗ ಕೇಳಿಸಲಿಲ್ಲರಿ. ಮೈಕು, ಮಂದಿ, ಅಷ್ಟು ಗದ್ದಲ." ಮೊದಲನೆಯವರಿಗೆ ಹೇಳುವಾಗ ನಾಲಿಗೆ ತಡವರಿಸಿತು. ಹತ್ತನೆಯವರಿಗೆ ಹೇಳುವ ಹೊತ್ತಿಗೆ ತನಗೇ ನಂಬಿಕೆ ಬರುವಷ್ಟು ಸಲೀಸಾಯಿತು. ಮಂಚದ ಮೇಲೆ ದಾನೇಶ್ವರಿ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ನಿದ್ದೆ ಮಾಡುತ್ತಿದ್ದಾಳೆ ಎಂದು ಮುರಿಗೆಪ್ಪ ತಿಳಿದ. ತಿಳಿಯುವುದೇ ಅನುಕೂಲವಿತ್ತು.

ಬೀರಸಿದ್ದಪ್ಪನೂ ಬಂದ, ಮೂಸಂಬಿ ತಂದಿದ್ದ. ಹುಡುಗಿಯ ಕಡೆ ನೋಡಿ ಚ್ಚ್ ಚ್ಚ್ ಎಂದು, ಮುರಿಗೆಪ್ಪನ ಬೆನ್ನು ತಟ್ಟಿದ. "ಹುಡುಗಿ ಸೋತ್ಲು, ಇರ್ಲಿ. ಆದ್ರ ನೀ ಕೈ ಹಚ್ಚಲಿಲ್ಲ ನೋಡು. ಖರೆ ಕಲ್ಲೆತ್ತಾಂವ ಅಂದ್ರ ನೀನs. ಊರಾಗ ಎಲ್ಲಾರೂ ಅದನ್ನ ಮಾತಾಡಾಕತ್ತಾರ."

ಹೇಳಲು ನಾಚಿಕೆಯಾಗುತ್ತದೆ, ಆದರೆ ಖರೆ ಹೇಳಬೇಕು. ಮೂಡಲಗಿಯಲ್ಲಿ ಕಳೆದುಕೊಂಡಿದ್ದ ಹೆಸರು ಮರಳಿ ಬಂದ ಆ ಒಂದು ಗಳಿಗೆಯಲ್ಲಿ ಮುರಿಗೆಪ್ಪನ ಎದೆ ಚೂರು ಉಬ್ಬಿತು. ಮಗಳ ಎದೆಗೆ ಪಟ್ಟಿ ಕಟ್ಟಿದ್ದರು, ಅಪ್ಪನ ಎದೆ ಉಬ್ಬಿತು. ಇಂಥ ಗಂಡಸರಿಂದಲೇ ಊರು ತುಂಬಿದೆ.

ಮರುದಿನ ಶಿವವ್ವ ಬಂದಳು, ಸತ್ತ ಅಡಿವೆಪ್ಪನ ಹೆಂಡತಿ. ಗೋಡೆಯಾಚೆ ಇದ್ದೂ ಇಪ್ಪತ್ತಾರು ವರ್ಷ ಅವನೊಡನೆ ಮಾತಿಲ್ಲದ ಚಿಗವ್ವ, ಅರಿವೆಯಲ್ಲಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಎರಡು ಬಸ್ಸು ಬದಲಿಸಿ ಬಂದಿದ್ದಳು. ದಾನೇಶ್ವರಿಗೆ ತುತ್ತು ಮಾಡಿ ಉಣ್ಣಿಸಿದಳು. ಹೊರಡುವಾಗ, ಬಾಗಿಲ ಹೊರಗೆ ನಿಂತಿದ್ದ ಮುರಿಗೆಪ್ಪನ ಹತ್ತಿರ ಬಂದಳು.

"ಕೇಳಿಸಲಿಲ್ಲ ಅಂತೀಯಂತಲ್ಲ?"

"ಇಲ್ಲ ಚಿಗವ್ವ. ಗದ್ದಲ."

"ಮೂಡಲಗ್ಯಾಗೂ ಗದ್ದಲ ಇತ್ತು. ನೀ ಅಲ್ಲಿ ಏನೂ ಅಂದಿದ್ದಿಲ್ಲ. ಅನ್ನದs ಇದ್ದದ್ದು ನಿಮ್ಮ ಕಾಕಾಗ ಕೇಳಿಸಿತ್ತು."

ಮುರಿಗೆಪ್ಪ ನೆಲ ನೋಡಿದ.

"ನೀ ಮಾತು ಬಿಟ್ಟ ಮ್ಯಾಲ ಅಂವಾ ದಿನಾ ಸಂಜಿಗೆ ಕಟ್ಟಿ ಮ್ಯಾಲ ಕುಂದರ್ತಿದ್ದ, ನೀ ಹಮಾಲಿ ಮುಗಿಸಿ ಮನಿಗೆ ಬರೂ ಹೊತ್ತಿಗೆ. ನಾ ಬೈತಿದ್ದೆ, ಮಾರಿ ನೋಡದವನ್ನ ಏನ್ ನೋಡ್ತಿ ಅಂತ. ಅಂವಾ ಅಂತಿದ್ದ, ಮಾತಾಡದಿದ್ರ ಬಿಡs, ನೆಟ್ಟಗ ನಡ್ಯಾಡತಾನಲ್ಲ, ನನಗ ಅಷ್ಟ ಸಾಕು ಅಂತ." ಶಿವವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಕೈ ಹಚ್ಚಿದವನ ಮಣ್ಣಿಗೆ ನೀ ಬರಲಿಲ್ಲ. ಹಚ್ಚದವನ ಮಣ್ಣಿಗೆ ಯಾರ್ ಬರ್ತಾರ ನೋಡೂಣು."

ಅವಳು ಹೋದ ಮೇಲೆ ಅವನು ಅಲ್ಲೇ ನಿಂತಿದ್ದ. ಕಾಕಾ ಉಳಿಸಿಕೊಟ್ಟ ಕಾಲ ಮೇಲೆ, ನೆಟ್ಟಗೆ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಮುರಿಗೆಪ್ಪನಿಗೆ ಬುದ್ಧಿ ಬಂತು, ಆದರೆ ಬಾಯಿ ಬರಲಿಲ್ಲ. ಕೇಳಿಸಲಿಲ್ಲ ಎಂಬ ಮಾತನ್ನು ನುಂಗಿ, ಕೇಳಿಸಿತ್ತು ಎಂದು ಹೇಳಲು ಅವನಿಗೆ ಎರಡು ವರ್ಷ ಬೇಕಾದವು.

ಅಷ್ಟರಲ್ಲಿ ದಾನೇಶ್ವರಿ ಎದ್ದು ಓಡಾಡುವಂತಾದಳು. ಗೋಕಾಕದ ಅದೇ ಜಿಮ್ಮಿನವರು ಬೆಳಗಿನ ಹೆಂಗಸರ ತರಗತಿಯನ್ನು ಅವಳಿಗೆ ಒಪ್ಪಿಸಿದರು. ಕಲಿಸಲು ಬಾಯಿ ಸಾಕು, ಆದರೆ ರಾಡಿಗೆ ಪ್ಲೇಟು ಏರಿಸಿ ಇಳಿಸಲು ಅವಳ ಕೈ ಬಾರದು. ಮುರಿಗೆಪ್ಪ ಹಮಾಲಿ ಬಿಟ್ಟು ಮಗಳ ಜೊತೆ ಮೊದಲ ಬಸ್ಸಿಗೆ ಬರತೊಡಗಿದ. ಬಾ ಎಂದು ಅವಳು ಅನ್ನಲಿಲ್ಲ, ಬ್ಯಾಡ ಎಂದೂ ಅನ್ನಲಿಲ್ಲ. ಬಸ್ಸಿನಲ್ಲಿ ಅವಳು ಕಿಟಕಿಯ ಹತ್ತಿರ, ಅವನು ಬಾಜೂ. ಕಿಟಕಿಯ ಗಾಜು ಸರಿಸಲು ಅವಳಿಗೆ ಕೈ ಏಳದಿದ್ದರೆ ಅವನು ಸರಿಸುತ್ತಾನೆ. ಮಾತಿಲ್ಲ. ಒಂದು ಕ್ವಿಂಟಲ್ ಹತ್ತು ಕಿಲೋ ಎತ್ತಿದವನು ಈಗ ಹುಡುಗಿಯರ ಐದು ಕಿಲೋದ ಪ್ಲೇಟು ಎತ್ತಿಡುತ್ತಾನೆ, ಬೆಂಚಿನ ಮೇಲಿನ ಬೆವರು ಒರೆಸುತ್ತಾನೆ.

ಮೊನ್ನೆ ಒಂದು ಸೋಮವಾರ ಸಪ್ನಾ ಎಂಬ ಹೊಸ ಹುಡುಗಿ ಬಂದಳು, ನರ್ಸಿಂಗ್ ಓದುವವಳು. ಜೊತೆಗೆ ಅವಳ ಅಣ್ಣ ಸುಶಾಂತ ಬಂದಿದ್ದ. ದಾನೇಶ್ವರಿ ಎಂದಿನಂತೆ ಎಲ್ಲವನ್ನೂ ಹೇಳಿಕೊಟ್ಟಳು. ಕಣ್ಣು, ಹಿಮ್ಮಡಿ, ರೆಕ್ಕೆ ಎಲುಬು, ಹೆಬ್ಬೆರಳು, ಮೊಣಕೈ. ಮುರಿಗೆಪ್ಪನಿಗೆ ಅದು ಬಾಯಿಪಾಠ. ರಾಡಿಗೆ ಎರಡೂ ಕಡೆ ಹತ್ತು ಹತ್ತು ಕಿಲೋ ಏರಿಸಿ ದೂರ ನಿಂತ.

"ಹಿಂದ ನಾ ನಿಂದರ್ತೇನ್ರಿ" ಎಂದ ಸುಶಾಂತ ಮುಂದೆ ಬಂದು.

"ಬ್ಯಾಡ್ರಿ. ಇಲ್ಲಿ ಮನಿ ಮಂದಿ ಹಿಂದ ನಿಂದರಂಗಿಲ್ಲ."

"ನಾ ಅಕಿ ಅಣ್ಣ ಅದೇನ್ರಿ."

"ಅದಕ್ಕs ಬ್ಯಾಡ" ಎಂದಳು ದಾನೇಶ್ವರಿ. ದನಿಯಲ್ಲಿ ಸಿಟ್ಟಿರಲಿಲ್ಲ, ಮೊಣಕೈ ಹೇಗಿಡಬೇಕೆಂದು ಹೇಳಿದಷ್ಟೇ ಸಲೀಸಾಗಿ ಹೇಳಿದಳು. "ಗುರ್ತ ಇಲ್ಲದವ್ರು ಛಲೋ. ಅವ್ರಿಗೆ ನಿಮ್ಮ ಮನಿ ಮರ್ಯಾದಿ ಚಿಂತಿ ಇರಂಗಿಲ್ಲ. ಬರೇ ರಾಡಿನ ಕಡೆ ನೋಡ್ತಾರ."

ಆದರೆ ಆವತ್ತು ಶುಭಮ್ ರಜೆಯ ಮೇಲಿದ್ದ, ಉಳಿದ ಹೆಂಗಸರು ಇನ್ನೂ ಬಂದಿರಲಿಲ್ಲ. ಹಿಂದೆ ನಿಲ್ಲಲು ಯಾರೂ ಇರಲಿಲ್ಲ. ಮುರಿಗೆಪ್ಪ ಕೈಯಲ್ಲಿದ್ದ ಒರೆಸುವ ಅರಿವೆ ಕೆಳಗಿಟ್ಟ. ಮೆಲ್ಲಗೆ ಬಂದು ಬೆಂಚಿನ ತಲೆಯ ಹತ್ತಿರ ನಿಂತ. ಮೊಣಕಾಲು ಬಾಗಿಸಿ, ಎರಡೂ ಕೈ ರಾಡಿನ ಕೆಳಗೆ ಒಡ್ಡಿದ.

"ನಾ ನಿಂದರ್ತೇನವ್ವ" ಎಂದ. ಆಮೇಲೆ, ಅದೇ ಉಸಿರಿನಲ್ಲಿ, ಎಲ್ಲಿಂದಲೋ ಬಂದುಬಿಟ್ಟಿತು. "ಆವತ್ತ ನನಗ ಕೇಳಿಸಿತ್ತ ದಾನವ್ವಾ."

ಸಪ್ನಾ ಮಲಗಿದ್ದಲ್ಲಿಂದಲೇ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದಳು.

"ಗೊತ್ತೈತಿ" ಎಂದಳು ದಾನೇಶ್ವರಿ. "ನಾ ಕೆಳಗ ಮಲಗಿದ್ದೆ ಅಪ್ಪಾ. ಕಣ್ಣು ತೆರದs ಇದ್ವು. ನಿನ್ನ ಬೆರಳು ರಾಡಿನ ತನಕ ಬಂದು ಹಿಂದ ಹೋಗಿದ್ದು ನೋಡೇನಿ."

ಎರಡು ವರ್ಷ ಅವಳು ಇದನ್ನು ನೋಡಿಯೂ ಅಪ್ಪನ ಬಾಜೂ ಬಸ್ಸಿನಲ್ಲಿ ಕೂತು ಬಂದಿದ್ದಳು, ಅವನು ಸರಿಸಿದ ಕಿಟಕಿಯಿಂದ ಹೊರಗೆ ನೋಡುತ್ತ.

"ನೀ ಕುಂದ್ರು ಅಪ್ಪಾ" ಎಂದಳು ಅವಳು. ಆಮೇಲೆ ಸಪ್ನಾಳ ಕಡೆ ತಿರುಗಿದಳು. "ಇವತ್ತ ಭಾರ ಬ್ಯಾಡ. ಬರೇ ರಾಡು ಅಷ್ಟ ಎತ್ತು. ಹಿಂದ ಯಾರೂ ಇಲ್ಲ."

ಮುರಿಗೆಪ್ಪ ತಾನೇ ಏರಿಸಿದ್ದ ಪ್ಲೇಟುಗಳನ್ನು ಒಂದೊಂದಾಗಿ ಇಳಿಸಿ ಗೋಡೆಗೆ ಆನಿಸಿಟ್ಟು, ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಹೋಗಿ ಕೂತ.